ಗುಬ್ಬಿಯ ಕಾವಲು, ವಾಯುಪಡೆಯ ಲೆಕ್ಕ

ಭಾರತೀಯ ವಾಯುಪಡೆಗೆ ಮಂಜೂರಾಗಿರುವ ಯುದ್ಧವಿಮಾನ ಸ್ಕ್ವಾಡ್ರನ್‌ಗಳು 42. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್–21ಕ್ಕೆ ವಿದಾಯ ಹೇಳಿದ ಮೇಲೆ ಉಳಿದದ್ದು 29. ಒಂದು ಸ್ಕ್ವಾಡ್ರನ್‌ಗೆ 16ರಿಂದ 18 ವಿಮಾನ ಎಂದು ಹಿಡಿದರೆ ಕೊರತೆ ಇನ್ನೂರು ದಾಟುತ್ತದೆ.

ಈ ಕೊರತೆ ತುಂಬಲು ಮುಖ್ಯವಾಗಿ ನೆಚ್ಚಿಕೊಂಡಿರುವುದು ಎಚ್‌ಎಎಲ್‌ನ ತೇಜಸ್ ಮಾರ್ಕ್–1ಎ ವಿಮಾನವನ್ನು. 2021ರಲ್ಲಿ 83, 2025ರಲ್ಲಿ ಮತ್ತೆ 97, ಒಟ್ಟು 180ಕ್ಕೆ ಒಪ್ಪಂದವಾಗಿದೆ. ಹತ್ತು ಸ್ಕ್ವಾಡ್ರನ್‌ಗೆ ಇದು ಸಾಕು. ಆದರೆ 2024ರ ಮಾರ್ಚ್‌ನಲ್ಲೇ ಮೊದಲ ವಿಮಾನ ಬರಬೇಕಿತ್ತು. ಅದಕ್ಕೆಂದು ತರಿಸಿದ ಅಮೆರಿಕದ ಎಫ್–404 ಎಂಜಿನ್‌ಗಳಲ್ಲಿ ಮೊದಲನೆಯದು ಸಿಕ್ಕಿದ್ದೇ 2025ರ ಮಾರ್ಚ್‌ನಲ್ಲಿ. ನಾಸಿಕ್ ಘಟಕವೂ ಸೇರಿ ವರ್ಷಕ್ಕೆ 24 ಎಂಬ ಗುರಿ ಮುಟ್ಟಿದರೂ 180 ಮುಗಿಯಲು ಏಳೂವರೆ ವರ್ಷ ಬೇಕು. ಅಷ್ಟರಲ್ಲಿ ಮುಪ್ಪಾದ ಜಾಗ್ವಾರ್‌ಗಳು ನಿವೃತ್ತಿಗೆ ನಿಂತಿರುತ್ತವೆ. ಮಿರಾಜ್–2000, ಮಿಗ್–29ಗಳೂ ಹೆಚ್ಚು ಹಿಂದಿಲ್ಲ. ಹೊಸದು ಬರುವ ವೇಗ ಹಳೆಯದು ಹೋಗುವ ವೇಗವನ್ನು ಮೀರದಿದ್ದರೆ 42 ಕಡತದಲ್ಲೇ ಉಳಿಯುವ ಸಂಖ್ಯೆ.

ಈ 42ರ ಲೆಕ್ಕಕ್ಕೆ ಸೇರದ ಇನ್ನೊಂದು ಕಾದಾಟದ ಬಲವಿದೆ: ದಾಳಿ ಹೆಲಿಕಾಪ್ಟರ್‌ಗಳದ್ದು. ಅದರ ಮುಂದಿನ ಗಾತ್ರ ತುಮಕೂರು ನಗರದ ಪಶ್ಚಿಮಕ್ಕೆ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಬಹುಮಟ್ಟಿಗೆ ತೀರ್ಮಾನವಾಗಲಿದೆ. ಅಲ್ಲಿ 615 ಎಕರೆಯಲ್ಲಿ ಎದ್ದಿರುವ ಎಚ್‌ಎಎಲ್ ಕಾರ್ಖಾನೆಗೆ 2016ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು, 2023ರ ಫೆಬ್ರುವರಿ 6ರಂದು ಉದ್ಘಾಟನೆ. ಅಡಿಗಲ್ಲಿನಿಂದ ಬಾಗಿಲು ತೆರೆಯುವವರೆಗೇ ಏಳು ವರ್ಷ! ಮೂರು ಟನ್ ತೂಕದ ಲಘು ಬಳಕೆಯ ಹೆಲಿಕಾಪ್ಟರಿನಿಂದ ಶುರುಮಾಡಿ, ಆರಂಭದಲ್ಲಿ ವರ್ಷಕ್ಕೆ 30, ಮುಂದೆ 60, ಆಮೇಲೆ 90 ಎಂಬುದು ಯೋಜನೆ.

ಈ ಸೀಮೆಗೆ ಇಂಥ ಲೆಕ್ಕ ಹೊಸದಲ್ಲ. ಟಿಪ್ಪು ಕಾಲದಲ್ಲಿ ಕುಣಿಗಲ್ಲಿನ ಕುದುರೆ ಫಾರಂ ಅಶ್ವಪಡೆಗೆ ಕುದುರೆ ಬೆಳೆಸುತ್ತಿತ್ತು. ಅರಮನೆ ಎಷ್ಟೇ ಕುದುರೆ ಕೇಳಲಿ, ಲಾಯದಲ್ಲಿ ಮರಿ ಹುಟ್ಟಿ ಸವಾರಿಗೆ ಬರುವಷ್ಟು ಕಾಲ ಕಾಯಲೇಬೇಕಿತ್ತು.

ದಾಳಿ ಹೆಲಿಕಾಪ್ಟರ್ 'ಪ್ರಚಂಡ' ಹುಟ್ಟಿದ್ದು ಕಾರ್ಗಿಲ್ ಯುದ್ಧದ ಪಾಠದಿಂದ. ಎತ್ತರದ ತೆಳು ಗಾಳಿಯಲ್ಲಿ ಶಸ್ತ್ರ ಹೊತ್ತು ಹಾರಬಲ್ಲ ಯಂತ್ರ 1999ರಲ್ಲಿ ಸೇನೆಯ ಬಳಿ ಇರಲಿಲ್ಲ. 5.8 ಟನ್‌ನ ಈ ಯಂತ್ರಕ್ಕೆ ಎರಡು ಶಕ್ತಿ ಎಂಜಿನ್‌, 20 ಮಿ.ಮೀ. ಬಂದೂಕು, 70 ಮಿ.ಮೀ. ರಾಕೆಟ್‌ಗಳು; 5,000 ಮೀಟರ್ ಎತ್ತರದಲ್ಲೂ ಇಳಿದು ಏಳುವ ತ್ರಾಣ. 2022ರ ಅಕ್ಟೋಬರ್ 3ರಂದು ಜೋಧಪುರದಲ್ಲಿ ವಾಯುಪಡೆಗೆ ಸೇರಿತು. ಆಗಿನ ಮೊದಲ ಕಂತು ಬರೀ 15.

2025ರ ಮಾರ್ಚ್‌ನ ಒಪ್ಪಂದ 156ಕ್ಕೆ: ವಾಯುಪಡೆಗೆ 66, ಭೂಸೇನೆಗೆ 90. ಬೆಲೆ ಸುಮಾರು 62,700 ಕೋಟಿ ರೂಪಾಯಿ. ತಯಾರಿ ಬೆಂಗಳೂರು ಮತ್ತು ತುಮಕೂರಿನಲ್ಲಿ. ಮೂರನೆಯ ವರ್ಷದಿಂದ ಪೂರೈಕೆ ಶುರುವಾಗಿ ಐದು ವರ್ಷದಲ್ಲಿ ಮುಗಿಯಬೇಕು. ಅಂದರೆ ವರ್ಷಕ್ಕೆ ಸರಾಸರಿ 31, ಗುಬ್ಬಿ ಕಾರ್ಖಾನೆಯ ಆರಂಭಿಕ ಸಾಮರ್ಥ್ಯಕ್ಕಿಂತ ಒಂದು ಹೆಚ್ಚು.