ಡೆನಾರಿಯಸ್‌ನ ಸಂತತಿ

ಲ್ಯಾಟಿನ್ನಿನಲ್ಲಿ ಹತ್ತಕ್ಕೆ 'ಡೆಕೆಮ್' ಎನ್ನುತ್ತಾರೆ. ಸಂಸ್ಕೃತದ 'ದಶ'ಕ್ಕೆ ಅದು ದಾಯಾದಿ. 'ಡೆನಿ' ಎಂದರೆ ಹತ್ತುಹತ್ತು. ಅದರಿಂದ ಹುಟ್ಟಿದ್ದು ಡೆನಾರಿಯಸ್. ಕಾರ್ತೇಜಿನ ದಂಡನಾಯಕ ಹ್ಯಾನಿಬಲ್‌ನೊಡನೆ ಯುದ್ಧ ನಡೆಯುತ್ತಿದ್ದಾಗಲೇ, ಕ್ರಿ.ಪೂ. 211ರ ಸುಮಾರಿಗೆ, ರೋಮ್ ಈ ಬೆಳ್ಳಿ ನಾಣ್ಯವನ್ನು ಟಂಕಿಸಿತು. ಒಂದು ಬದಿಯಲ್ಲಿ ಶಿರಸ್ತ್ರಾಣ ತೊಟ್ಟ ರೋಮಾ ದೇವತೆ, ಆಕೆಯ ತಲೆಯ ಹಿಂದೆ ಹತ್ತನ್ನು ಸೂಚಿಸುವ ಕತ್ತರಿ ಗುರುತು; ಇನ್ನೊಂದು ಬದಿಯಲ್ಲಿ ಕುದುರೆಯೇರಿ ಈಟಿ ಹಿಡಿದ ಅವಳಿ ದೇವತೆಗಳು. ಹತ್ತು 'ಆಸ್' ಎಂಬ ಕಂಚಿನ ನಾಣ್ಯಗಳಿಗೆ ಇದೊಂದು ಸಮ. ಮುಂದೆ ಆ ಬೆಲೆ ಹದಿನಾರಕ್ಕೆ ಏರಿತು, ಹೆಸರು ಮಾತ್ರ ಹತ್ತರಲ್ಲೇ ಉಳಿಯಿತು.

ಈ ಪದದ ಬಗ್ಗೆ ನನಗೆ ಅತಿ ಸೋಜಿಗವೆನಿಸುವುದು ಅದು ಎರಡು ದಿಕ್ಕಿನಲ್ಲಿ ಕಂಡ ಎರಡು ಬಗೆಯ ಬಾಳು. ಪೂರ್ವಕ್ಕೆ ಬಂದದ್ದು ಚಿನ್ನವಾಯಿತು, ಪಶ್ಚಿಮದಲ್ಲಿ ಉಳಿದದ್ದು ಚಿಲ್ಲರೆಯಾಯಿತು.

ಪೂರ್ವದ ಕಥೆಯಲ್ಲಿ ನಮ್ಮ ನೆಲವೂ ಇದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಶಾತವಾಹನರ ಕಾಲದ ಪದರಗಳಲ್ಲಿ ರೋಮನ್ ಡೆನಾರಿಯಸ್‌ಗಳು ಸಿಕ್ಕಿವೆ. ಬೆಂಗಳೂರಿನ ಯಶವಂತಪುರದಲ್ಲೂ 1891ರಲ್ಲಿ ಅಂಥ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಮೆಣಸು, ಮುತ್ತು, ನಯವಾದ ಬಟ್ಟೆಗಾಗಿ ರೋಮ್ ಸುರಿದ ಹಣ ಇದು. ನಾಣ್ಯದ ಬೆನ್ನಿಗೇ ಹೆಸರೂ ಬಂತು. ರೋಮನ್ನರ ಚಿನ್ನದ ನಾಣ್ಯಕ್ಕೂ ಗ್ರೀಕರು 'ಡೆನಾರಿಯೋನ್' ಎನ್ನುತ್ತಿದ್ದುದರಿಂದ ಸಂಸ್ಕೃತದ 'ದೀನಾರ' ಚಿನ್ನಕ್ಕೇ ಅಂಟಿಕೊಂಡಿತು. ಎರಡನೆಯ ಚಂದ್ರಗುಪ್ತನ ಕಾಲದ ಸಾಂಚಿ ಶಾಸನದಲ್ಲಿ ಬೌದ್ಧ ಸಂಘಕ್ಕೆ 25 ದೀನಾರಗಳ ದಾನ ದಾಖಲಾಗಿದೆ. ಅರಬ್ಬರಲ್ಲೂ ಹಾಗೆಯೇ: ಏಳನೆಯ ಶತಮಾನದ ಕೊನೆಗೆ ಖಲೀಫ ಅಬ್ದುಲ್ ಮಲಿಕ್ ಹೊರಡಿಸಿದ ಚಿನ್ನದ ನಾಣ್ಯ ದಿನಾರ್. ಇಂದು ಕುವೈತ್‌ನಿಂದ ಊರಿಗೆ ಹಣ ಕಳಿಸುವ ಮಂಗಳೂರಿನವರ ಬಾಯಲ್ಲಿರುವುದು ಇದೇ ಪದ.

ಪಶ್ಚಿಮದಲ್ಲಿ ಬೆಳ್ಳಿಗೆ ತಾಮ್ರ ಬೆರೆಸುತ್ತಾ ಬೆರೆಸುತ್ತಾ ರೋಮನ್ ಚಕ್ರವರ್ತಿಗಳೇ ಡೆನಾರಿಯಸ್‌ನ ಮಾನ ಕಳೆದರು. ಶತಮಾನಗಳ ಬಳಿಕ ಫ್ರಾಂಕರ ದೊರೆ ಷಾರ್ಲಮೇನ್ ಒಂದು ಪೌಂಡ್ ಬೆಳ್ಳಿಗೆ 240 ಡೆನಾರಿಯಸ್ ಎಂದು ಗೊತ್ತುಮಾಡಿದ. ಇಂಗ್ಲೆಂಡಿನ ಪೌಂಡಿಗೆ 240 ಪೆನ್ನಿ ಎಂಬ ಹಳೆಯ ಲೆಕ್ಕವೂ ಅದೇ. ಪೆನ್ನಿಯನ್ನು 1971ರವರೆಗೆ 'ಡಿ' ಅಕ್ಷರದಿಂದ ಬರೆಯುತ್ತಿದ್ದುದು ಡೆನಾರಿಯಸ್‌ನ ನೆನಪಿಗೆ. ಸ್ಪ್ಯಾನಿಷ್‌ನ 'ದಿನೇರೋ', ಇಟಲಿಯ 'ದೆನಾರೋ' ನಾಣ್ಯವನ್ನೇ ಮರೆತು ಬರಿಯ 'ಹಣ'ವಾಗಿವೆ.

ಫ್ರಾನ್ಸಿನಲ್ಲಿ ಇದು 'ದೆನಿಯೆ' ಎಂಬ ಪುಡಿಗಾಸಾಗಿ, ಜೊತೆಗೆ ಸಣ್ಣದೊಂದು ತೂಕದ ಹೆಸರೂ ಆಗಿ, ಕೊನೆಗೆ ರೇಷ್ಮೆ ಎಳೆಯ ಅಳತೆಯಾಯಿತು. ರಾಮನಗರ, ಶಿಡ್ಲಘಟ್ಟದ ರೀಲರ್‌ಗಳು ದಿನವೂ ಹೇಳುವ 'ಡೆನಿಯರ್' ಇದೇ. 9,000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಏಳೆಂಟು ಗೂಡುಗಳ ಎಳೆ ಕೂಡಿಸಿ ಬಿಚ್ಚಿದರೆ 20-22 ಡೆನಿಯರ್ ನೂಲು ಸಿಗುತ್ತದೆ.

ಈ ಇಡೀ ಸಂತತಿಯಲ್ಲಿ ನನ್ನ ಮೆಚ್ಚಿನದು ಈ ಡೆನಿಯರೇ. ದಿನಾರ್‌ನ ಬೆಲೆಯನ್ನು ಸರ್ಕಾರಗಳು ಏರಿಳಿಸಬಲ್ಲವು. ಡೆನಿಯರ್‌ನ ತೂಕವನ್ನು ಯಾರೂ ಕದಲಿಸಲಾರರು.