ತಾರಸಿಯಿಂದ ತೆರಿಗೆಯವರೆಗೆ: ಫ್ರೀಟೌನ್ ಮಾಡಿ ತೋರಿಸಿದ್ದೇನು?

ಸಿಯೆರಾ ಲಿಯೋನ್‌ನ ರಾಜಧಾನಿ ಫ್ರೀಟೌನ್, ಅಟ್ಲಾಂಟಿಕ್ ಸಾಗರಕ್ಕೂ ಕಡಿದಾದ ಗುಡ್ಡಗಳಿಗೂ ನಡುವೆ ಇಕ್ಕಟ್ಟಾಗಿ ಬೆಳೆದ ಊರು. ಮೇಲೆ ಹಿಲ್ ಸ್ಟೇಷನ್ ಬಡಾವಣೆಯ ದೊಡ್ಡ ಬಂಗಲೆಗಳು. ಕೆಳಗೆ ಸಮುದ್ರಕ್ಕೆ ಅಂಟಿಕೊಂಡ ಕ್ರೂ ಬೇಯಲ್ಲಿ, ಮಳೆ ಜೋರಾದರೆ ನೀರು ಒಳನುಗ್ಗುವ ತಗಡಿನ ಮನೆಗಳು. ಕೆಲವೇ ವರ್ಷಗಳ ಹಿಂದಿನವರೆಗೂ ಮೇಲಿನ ಬಂಗಲೆ ಮತ್ತು ಕೆಳಗಿನ ತಗಡಿನ ಮನೆಯ ಬೆಲೆಯಲ್ಲಿದ್ದ ಅಂತರ ಅವುಗಳ ಕಂದಾಯದಲ್ಲಿ ಕಾಣುತ್ತಿರಲಿಲ್ಲ. ಪಾಲಿಕೆ ಮುಖ್ಯವಾಗಿ ಕಟ್ಟಡದ ವಿಸ್ತೀರ್ಣ ನೋಡಿ ತೆರಿಗೆ ಹಾಕುತ್ತಿತ್ತು. ಜಾಗ ಎಲ್ಲಿದೆ, ಕಟ್ಟಡ ಎಂಥದ್ದು ಎಂಬುದಕ್ಕೆ ಲೆಕ್ಕದಲ್ಲಿ ಹೆಚ್ಚು ತೂಕವಿರಲಿಲ್ಲ. ಇನ್ನೂ ದೊಡ್ಡ ಕೊರತೆಯೆಂದರೆ, ಊರಿನ ಅರ್ಧಕ್ಕರ್ಧ ಕಟ್ಟಡಗಳು ಪಾಲಿಕೆಯ ಪುಸ್ತಕಕ್ಕೇ ಏರಿರಲಿಲ್ಲ.

2018ರಲ್ಲಿ ಮೇಯರ್ ಆದ ಇವೊನ್ ಅಕಿ-ಸಾಯರ್ ಅವರು ಇದನ್ನು ಸರಿಪಡಿಸಲು ಹೊರಟಾಗ ನೆರವಿಗೆ ಬಂದದ್ದು ಉಪಗ್ರಹ ಚಿತ್ರಗಳು. ಇಂಟರ್‌ನ್ಯಾಷನಲ್ ಸೆಂಟರ್ ಫಾರ್ ಟ್ಯಾಕ್ಸ್ ಆ್ಯಂಡ್ ಡೆವಲಪ್‌ಮೆಂಟ್‌ನ ಸಂಶೋಧಕರು ಪಾಲಿಕೆಯ ಜೊತೆ ಸೇರಿ ಚಿತ್ರದಲ್ಲಿ ಕಂಡ ಚಾವಣಿಗಳನ್ನು ಒಂದೊಂದಾಗಿ ಗುರುತಿಸಿದರು. ಸುಮಾರು 57 ಸಾವಿರವಿದ್ದ ಆಸ್ತಿಗಳ ಪಟ್ಟಿ 1.2 ಲಕ್ಷದ ಆಸುಪಾಸಿಗೆ ಏರಿತು.

ಇಂಥ ಯೋಜನೆಗಳ ವರದಿಗಳು ಸಾಮಾನ್ಯವಾಗಿ ಈ ಅಂಕಿಯನ್ನೇ ಎತ್ತಿ ಹಿಡಿಯುತ್ತವೆ. ಆದರೆ ಫ್ರೀಟೌನ್‌ನ ನಿಜವಾದ ಹೆಚ್ಚುಗಾರಿಕೆ ಇರುವುದು, ಉಪಗ್ರಹಕ್ಕೆ ಎಷ್ಟು ಕೆಲಸ ಒಪ್ಪಿಸಬೇಕು, ಎಷ್ಟನ್ನು ಒಪ್ಪಿಸಬಾರದು ಎಂದು ತೀರ್ಮಾನಿಸಿದ್ದರಲ್ಲಿ. ಕಟ್ಟಡ ಎಲ್ಲಿದೆ, ಚಾವಣಿ ಎಷ್ಟು ಅಗಲ ಎಂಬ ಎರಡು ಪ್ರಶ್ನೆಗಳಿಗೆ ಚಿತ್ರ ಉತ್ತರ ಕೊಟ್ಟಿತು. ಉಳಿದದ್ದನ್ನು ಬೀದಿಯಲ್ಲಿ ನಿಂತು ನೋಡಲಾಯಿತು. ಗೋಡೆ ಯಾವುದರದು? ಚಾವಣಿ ಗಟ್ಟಿಯಾಗಿದೆಯೇ, ತುಕ್ಕು ಹಿಡಿದಿದೆಯೇ? ಕಿಟಕಿ ಹೇಗಿದೆ? ಎಸಿ ಇದೆಯೇ? ಮನೆ ಬಾಗಿಲವರೆಗೆ ಗಾಡಿ ಹೋಗುವ ರಸ್ತೆ ಇದೆಯೇ? ಮನೆಯೊಳಗೆ ಕಾಲಿಡದೆ, ಯಾರನ್ನೂ ವಿಚಾರಿಸದೆ, ಹೊರಗಿನಿಂದಲೇ ಗುರುತು ಹಾಕಿಕೊಳ್ಳಬಹುದಾದ ಸಂಗತಿಗಳಿವು.

ಪ್ರತಿ ಲಕ್ಷಣಕ್ಕೂ ಇಂತಿಷ್ಟು ಅಂಕ. ಒಳ್ಳೆಯ ಸೌಕರ್ಯವಿದ್ದರೆ ಅಂಕ ಕೂಡುತ್ತದೆ, ರಸ್ತೆಯಿಲ್ಲದಿದ್ದರೆ ಕಳೆಯುತ್ತದೆ. ಯಾವ ಲಕ್ಷಣಕ್ಕೆ ಎಷ್ಟು ಅಂಕ ಎಂಬುದನ್ನು ಮಾದರಿಗೆಂದು ಆರಿಸಿದ ಕೆಲವು ಆಸ್ತಿಗಳ ಮಾರುಕಟ್ಟೆ ಬೆಲೆಯನ್ನು ತಜ್ಞರಿಂದ ಅಂದಾಜು ಮಾಡಿಸಿ ನಿಗದಿಪಡಿಸಲಾಯಿತು. ಮೌಲ್ಯಮಾಪಕರ ಕೊರತೆಯಿರುವ ಬಡ ಊರಿಗೆ ಇದು ಹೇಳಿ ಮಾಡಿಸಿದಂಥ ವಿಧಾನ. ಒಬ್ಬ ಅಧಿಕಾರಿಯ ಮರ್ಜಿಗೆ ಇಲ್ಲಿ ಹೆಚ್ಚು ಜಾಗವಿಲ್ಲ. ತಮ್ಮ ಮನೆಗೆ ಎಸಿ ಇಲ್ಲದಿದ್ದರೂ ಇದೆ ಎಂದು ಬರೆದಿದ್ದರೆ ಮನೆಯವರು ಕೈಹಿಡಿದು ತೋರಿಸಿ ಆಕ್ಷೇಪಿಸಬಹುದು.

ಫಲಿತಾಂಶವೂ ಸ್ಪಷ್ಟವಾಗಿತ್ತು. ಹೊಸ ಲೆಕ್ಕದಲ್ಲಿ ಅತಿ ಹೆಚ್ಚು ಬೆಲೆಯ ಶೇ 20ರಷ್ಟು ಆಸ್ತಿಗಳ ತೆರಿಗೆ ಸರಾಸರಿ ಮೂರು ಪಟ್ಟಿಗೂ ಹೆಚ್ಚಾಯಿತು. ಅತಿ ಕಡಿಮೆ ಬೆಲೆಯ ಶೇ 20ರಷ್ಟು ಆಸ್ತಿಗಳದ್ದು ಅರ್ಧದಷ್ಟಕ್ಕೆ ಇಳಿಯಿತು. ತೆರಿಗೆ ಸುಧಾರಣೆ ಎಂದರೆ ಎಲ್ಲರ ಬಿಲ್ಲೂ ಏರುವುದು ಎಂಬ ಭಯ ಎಲ್ಲ ಊರುಗಳಲ್ಲೂ ಇದೆ. ತಗಡಿನ ಮನೆಯವರ ಹೊರೆ ಇಳಿಸಿಯೂ ಪಾಲಿಕೆಯ ಆದಾಯ ಹೆಚ್ಚಿಸಬಹುದು ಎಂದು ಫ್ರೀಟೌನ್ ಲೆಕ್ಕ ಸಮೇತ ತೋರಿಸಿತು.

ಬರೀ ಚಿತ್ರವನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಯಾವ ಬೀದಿಯನ್ನಾದರೂ ನೋಡಬಹುದು. 30x40 ಸೈಟಿನಲ್ಲಿ ನೆಲಮಹಡಿಯ ಒಂದೇ ಮನೆ ಇದ್ದರೂ, ಅದೇ ಅಳತೆಯಲ್ಲಿ ನಾಲ್ಕು ಮಹಡಿ ಎಬ್ಬಿಸಿ ಎಂಟು ಮನೆ ಬಾಡಿಗೆಗೆ ಕೊಟ್ಟಿದ್ದರೂ, ನೇರ ಮೇಲಿನಿಂದ ತೆಗೆದ ಒಂದು ಚಿತ್ರದಲ್ಲಿ ಕಾಣುವುದು ಅಷ್ಟೇ ತಾರಸಿ. ಕೆಳಗೆ ಅಂಗಡಿ ಇದೆಯೋ ಸಂಸಾರ ಇದೆಯೋ, ಮಾಲೀಕರು ಯಾರು ಎಂಬುದನ್ನೂ ಅದು ಹೇಳಲಾರದು. ಬೆಂಗಳೂರು 2008ರಿಂದ ಆಸ್ತಿದಾರರ ಸ್ವಯಂ ಘೋಷಣೆಯನ್ನು ನಂಬಿ, ಊರನ್ನು ವಲಯಗಳಾಗಿ ವಿಂಗಡಿಸಿ, ಚದರಡಿಗೆ ಇಷ್ಟು ಎಂದು ತೆರಿಗೆ ಪಡೆಯುತ್ತ ಬಂದಿತು. ಇಂಥ ಪದ್ಧತಿಯಲ್ಲಿ ಚಿತ್ರ ಘೋಷಣೆಯನ್ನು ತಾಳೆ ನೋಡುವ ಸಾಧನವಾಗಬಹುದು. ಮಹಡಿ ಎಣಿಸಲು, ಬಳಕೆ ತಿಳಿಯಲು ಮಾತ್ರ ಬೇರೆ ಕೋನದ ಚಿತ್ರಗಳೋ, ಡ್ರೋನೋ, ಬೀದಿಗಿಳಿದ ಸಿಬ್ಬಂದಿಯೋ ಬೇಕೇ ಬೇಕು.

ಬಿಲ್ ಮುಟ್ಟಿಸುವುದು ಇನ್ನೊಂದು ಕಷ್ಟ. ಬೀದಿಗೆ ಹೆಸರಿಲ್ಲದ, ಮನೆಗೆ ನಂಬರಿಲ್ಲದ ಊರಿನಲ್ಲಿ ಪಟ್ಟಿ ಎಷ್ಟೇ ಪಕ್ಕಾ ಇದ್ದರೂ ನೋಟಿಸು ಸರಿಯಾದ ಬಾಗಿಲಿಗೆ ತಲುಪಬೇಕಲ್ಲ. ಘಾನಾದ ಒಂದು ನಗರಸಭೆಯಲ್ಲಿ ಅರ್ಥಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿದರು. ಮನೆಗಳ ಸ್ಥಳ ತೋರಿಸುವ ಟ್ಯಾಬ್ಲೆಟ್ ಹಿಡಿದ ಬಿಲ್ ಕಲೆಕ್ಟರ್‌ಗಳು, ಬರಿಗೈಯಲ್ಲಿ ಹೋದವರಿಗಿಂತ ಶೇ 27ರಷ್ಟು ಹೆಚ್ಚು ಬಿಲ್ ಮುಟ್ಟಿಸಿದರು. ವಸೂಲಿ ಶೇ 103ರಷ್ಟು ಹೆಚ್ಚಿತು. ಅದೇ ಅಧ್ಯಯನದಲ್ಲಿ ಲಂಚವೂ ಹೆಚ್ಚಿದ್ದು ಕಂಡುಬಂತು. ಯಾರ ಬಳಿ ದುಡ್ಡಿದೆ ಎಂಬ ತಿಳಿವಳಿಕೆ ಪಾಲಿಕೆಗೆ ಎಷ್ಟು ಉಪಯೋಗಕ್ಕೆ ಬಂತೋ, ಕೈಚಾಚುವ ಕಲೆಕ್ಟರ್‌ಗೂ ಅಷ್ಟೇ ಬಂತು. ತಂತ್ರಜ್ಞಾನವನ್ನು ಹೊಗಳುವವರು ಈ ಭಾಗವನ್ನು ಬಿಡದೆ ಓದಬೇಕು.

ರಾಜಕೀಯದ್ದು ಎಲ್ಲಕ್ಕಿಂತ ಕಠಿಣ ಪರೀಕ್ಷೆ. ಫ್ರೀಟೌನ್‌ನ ಮೇಯರ್ ಒಂದು ಪಕ್ಷ, ದೇಶದ ಸರ್ಕಾರ ಇನ್ನೊಂದು ಪಕ್ಷ. ಹೊಸ ಪದ್ಧತಿ ಜಾರಿಗೆ ಬಂದ 2020ರಲ್ಲೇ ಸ್ಥಳೀಯಾಡಳಿತ ಸಚಿವಾಲಯ ವಸೂಲಿಗೆ ತಡೆ ಒಡ್ಡಿತು. ಹೆಚ್ಚುಕಡಿಮೆ ಒಂದು ವರ್ಷ ಕೆಲಸ ನಿಂತಿತು. ವಸೂಲಿಗೆ ತಾಂಜಾನಿಯಾ ಹಿಡಿದ ದಾರಿ ಇನ್ನೊಂದು ಬಗೆಯದು. ಅಲ್ಲಿ 2021ರಿಂದ ವಿದ್ಯುತ್ ಮೀಟರ್‌ನ ಪ್ರಿಪೇಯ್ಡ್ ರೀಚಾರ್ಜ್ ಜೊತೆಗೇ ಆಸ್ತಿ ತೆರಿಗೆ ಮುರಿದುಕೊಳ್ಳುತ್ತಾರೆ. ಸಾಧಾರಣ ಮನೆಗೆ ತಿಂಗಳಿಗೆ 1,000 ಶಿಲ್ಲಿಂಗ್ ಎಂದು ಶುರುವಾದ ಈ ಪದ್ಧತಿಯಲ್ಲಿ ವಸೂಲಿ ಸುಲಭ. ಆದರೆ ಸಿರಿವಂತ ಬಡಾವಣೆಯ ಮನೆಗೂ ಊರಂಚಿನ ಮನೆಗೂ ಒಂದೇ ದರವಾದರೆ, ಬೆಲೆಯ ವ್ಯತ್ಯಾಸ ತಿಳಿಸುವ ನಕ್ಷೆ ಇದ್ದೂ ಪ್ರಯೋಜನವಿಲ್ಲ.

ಉಪಗ್ರಹ ಚಿತ್ರದ ಬಳಕೆ ಅಭಿವೃದ್ಧಿಶೀಲ ನಗರಗಳಿಗೆ ಖಂಡಿತ ಬೇಕು. ಅರ್ಧ ಊರು ಪುಸ್ತಕದ ಹೊರಗಿದ್ದರೆ, ಪುಸ್ತಕದಲ್ಲಿರುವ ಪ್ರಾಮಾಣಿಕರೇ ಎಲ್ಲರ ಪಾಲನ್ನೂ ಹೊರಬೇಕಾಗುತ್ತದೆ. ಆದರೂ ಒಂದು ಯೋಜನೆಯನ್ನು ಅದು ಪತ್ತೆ ಹಚ್ಚಿದ ಚಾವಣಿಗಳ ಸಂಖ್ಯೆಯಿಂದ ಅಳೆಯುವುದು ತಪ್ಪು. ಅಂಕಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿದ್ದಾರೆಯೇ? ಆಕ್ಷೇಪಣೆ ಸಲ್ಲಿಸಿದವರಿಗೆ ಗೊತ್ತಾದ ಅವಧಿಯೊಳಗೆ ಉತ್ತರ ಸಿಗುತ್ತದೆಯೇ? ನಕ್ಷೆಗೆ ಏರಿದ ಕೊಳೆಗೇರಿಯ ಮನೆಯನ್ನು ಅದೇ ನಕ್ಷೆ ಹಿಡಿದು ಒಕ್ಕಲೆಬ್ಬಿಸುವುದಿಲ್ಲ ಎಂಬ ಖಾತ್ರಿ ಇದೆಯೇ? ಮೊದಲ ಪ್ರಶ್ನೆಗೆ ಬೇಕಾದ ಸರಳ ಅಂಕಪದ್ಧತಿಯನ್ನು ಫ್ರೀಟೌನ್ ಆಗಲೇ ಕಟ್ಟಿದೆ. ಹೊಸದಾಗಿ ಚಿತ್ರಗಳನ್ನು ಕೊಳ್ಳಲು ಹೊರಟಿರುವ ಪಾಲಿಕೆಗಳು ಈ ಮೂರಕ್ಕೂ ಉತ್ತರವನ್ನು ಟೆಂಡರ್ ಕರೆಯುವ ಮೊದಲೇ ಬರೆದಿಟ್ಟುಕೊಳ್ಳಬೇಕು.