ಸ್ಥಿತಿ ಯಾರದು, ಭವಿಷ್ಯ ಯಾರದು?

ಬ್ರಿಟಿಷರ ಕಾಲದ ಗಣಿ ವರದಿಗಳಿಗೆ ಒಂದು ಚಾಳಿ ಇತ್ತು. ಮೊದಲು ಗಣಿಯ ಸ್ಥಿತಿ ಬರೀತಾರೆ, ಆಮೇಲೆ ಭವಿಷ್ಯ. ಸ್ಥಿತಿ ಅಂದರೆ ಶಾಫ್ಟು ಎಷ್ಟು ಅಡಿ ಇಳಿದಿದೆ, ಒಂದು ಟನ್ ಕಲ್ಲಿಗೆ ಎಷ್ಟು ಔನ್ಸ್ ಚಿನ್ನ ಅನ್ನೋದು. ಭವಿಷ್ಯ ಅಂದರೆ ಲಂಡನ್ನಿನಲ್ಲಿ ಕೂತು ಷೇರು ಕೊಂಡವನಿಗೆ ಬರೋ ವರ್ಷ ಎಷ್ಟು ಲಾಭ ಅನ್ನೋದು. ಕಲ್ಲು ಒಡೆದವನು ಎಲ್ಲಿದ್ದಾನೆ ಅಂತ ಹುಡುಕಿದರೆ ಖರ್ಚಿನ ಪಟ್ಟಿಯಲ್ಲಿ ಸಿಗ್ತಾನೆ: ಸೌದೆ, ಮದ್ದು, ಕೂಲಿ. ಸತ್ತಾಗ ಅಪಘಾತದ ಪಟ್ಟಿಯಲ್ಲಿ ಇನ್ನೊಂದು ಸಲ ಸಿಗ್ತಾನೆ.

ಕಂಪನಿ ಹೋಯಿತು, ಗಣಿಯೂ ಮುಚ್ಚಿತು. ಆದರೆ ಆ ಬರವಣಿಗೆಯ ಕಣ್ಣು ಮುಚ್ಚಿಲ್ಲ. ಕೆಜಿಎಫ್ ಬಗ್ಗೆ ನಮ್ಮ ಪಠ್ಯಪುಸ್ತಕ ಹೇಳುವ ಕತೆಯಲ್ಲೂ, ಕೋಟಿ ಕೋಟಿ ಬಾಚಿದ ಸಿನಿಮಾದಲ್ಲೂ ಅದೇ ಕಣ್ಣು ಕೆಲಸ ಮಾಡ್ತಾ ಇದೆ ಅನ್ನೋದು ನನ್ನ ತಕರಾರು.

ಮೊದಲು ಆ 'ಕಂಡುಹಿಡಿದ' ಕತೆ ನೋಡಿ. 1802ರಲ್ಲಿ ಗಡಿ ಸರ್ವೆಗೆ ಬಂದ ಜಾನ್ ವಾರನ್ ಎಂಬ ಸೈನ್ಯದ ಅಧಿಕಾರಿ ಇಲ್ಲಿ ಚಿನ್ನ ಇದೆ ಅಂತ ಬರೆದ. ಅವನಿಗೆ ತೋರಿಸಿದವರು ಯಾರು? ಉರಿಗಾಂ, ಮಾರಿಕುಪ್ಪಂ ಸುತ್ತಿನ ಹಳ್ಳಿಯವರು. ಮಣ್ಣು ತೊಳೆದು ಚಿನ್ನದ ಕಣ ತೆಗೆಯುವ ವಿದ್ಯೆ ಅವರ ಕೈಯಲ್ಲಿತ್ತು. ಗಂಡಸರು ಗುಂಡಿಗಿಳಿದು ಕಲ್ಲು ಕಳಿಸ್ತಿದ್ದರು, ಹೆಂಗಸರು ಕುಟ್ಟಿ ತೊಳೀತಿದ್ದರು. ಆಮೇಲೆ 1870ರ ದಶಕದಲ್ಲಿ ಮೈಕೆಲ್ ಲಾವೆಲ್ ಎಂಬ ಐರಿಷ್ ಸೈನಿಕ ಮೈಸೂರು ಸರ್ಕಾರದಿಂದ ಗಣಿಯ ಹಕ್ಕು ಪಡೆದ. ಅವನ ಹೆಸರಲ್ಲಿ ಬೆಂಗಳೂರಿನಲ್ಲಿ ಇವತ್ತಿಗೂ ಒಂದು ಶ್ರೀಮಂತ ರಸ್ತೆ ಇದೆ. ಗುಂಡಿಗಿಳಿದವನ ಹೆಸರು ನಮ್ಮ ಯಾವ ರಸ್ತೆಯಲ್ಲಿದೆ? ಕಂಡವರು ಒಬ್ಬರು, ಕಂಡುಹಿಡಿದವರು ಇನ್ನೊಬ್ಬರು! ಇದು ಚರಿತ್ರೆ ಬರೆಯುವವರ ವ್ಯಾಕರಣ.

1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಅಂತ ಗಣಿಗಳು ಎದ್ದವು. 1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು 147 ಕಿಲೋಮೀಟರ್ ದಾಟಿ ನೇರ ಗಣಿಗೆ ಬಂತು. ಬೆಂಗಳೂರಿನ ಬೀದಿಗೆ ದೀಪ ಹತ್ತಿದ್ದು 1905ರಲ್ಲಿ. ಇದನ್ನು ಪ್ರಗತಿ ಅಂತ ಮೇಷ್ಟ್ರು ಪಾಠ ಮಾಡ್ತಾರೆ, ಮಾಡಲಿ. ಕಾವೇರಿಯ ಬಲವನ್ನು ಮೊದಲು ಬಳಸಿಕೊಂಡದ್ದು ರೈತನೂ ಅಲ್ಲ, ಊರೂ ಅಲ್ಲ, ಲಂಡನ್ನಿಗೆ ಚಿನ್ನ ಕಳಿಸುವ ಯಂತ್ರ ಅನ್ನೋದನ್ನೂ ಅದೇ ಪಾಠದಲ್ಲಿ ಸೇರಿಸಲಿ.

ಗಣಿಗೆ ಇಳಿದವರು ಯಾರು? ಬಹುಪಾಲು ಉತ್ತರ ಆರ್ಕಾಟು, ಸೇಲಂ ಕಡೆಯಿಂದ ಬಂದ ಹೊಲೆಯರು, ಅಲ್ಲಿಯ ಮಾತಿನಲ್ಲಿ ಪರಯರು. ಊರಿನ ಜಮೀನ್ದಾರನ ಜೀತ, ಬರಗಾಲ, ಅಸ್ಪೃಶ್ಯತೆ ಮೂರೂ ಸೇರಿ ಅವರನ್ನು ಗುತ್ತಿಗೆದಾರನ ಕೈಗೆ ಒಪ್ಪಿಸಿದವು. ಮೇಲೆ ಬಿಳಿಯರಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಇವರಿಗೆ ಬಿದಿರು ತಟ್ಟಿಯ ಗುಡಿಸಲು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಹೋಯಿತು. ಅಷ್ಟು ಕೆಳಗೆ ಬಂಡೆಯ ಬಿಸಿ 60 ಡಿಗ್ರಿ ದಾಟ್ತಿತ್ತು. ಒತ್ತಡ ತಾಳದೆ ಬಂಡೆ ತಾನಾಗೇ ಸಿಡಿದು ಆಳುಗಳ ಮೇಲೆ ಬೀಳ್ತಿತ್ತು. ಹಾಗೆ ಸಾಯದೆ ಉಳಿದವನ ಎದೆಗೆ ಕಲ್ಲಿನ ದೂಳು ಇಳೀತಿತ್ತು. 1940ರ ದಶಕದಲ್ಲಿ ಡಾಕ್ಟರುಗಳು ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರಿಗೆ ಸಿಲಿಕೋಸಿಸ್ ಇತ್ತು. ಇದು ಸ್ಥಿತಿ. ವರದಿಯಲ್ಲಿ 'ಗಣಿಯ ಸ್ಥಿತಿ ಉತ್ತಮ' ಅಂತ ಬರೆಯೋದಕ್ಕೆ ಈ ಎದೆಗಳು ಅಡ್ಡಿ ಬರಲಿಲ್ಲ.

ಈಗ ಸಿನಿಮಾಕ್ಕೆ ಬರೋಣ. 2018ರಲ್ಲೂ 2022ರಲ್ಲೂ ಬಂದ 'ಕೆಜಿಎಫ್' ಚಿತ್ರಗಳನ್ನು ನಮ್ಮ ಹುಡುಗರು ಶಿಳ್ಳೆ ಹೊಡೆದು ನೋಡಿದರು. ಗಣಿಯ ಜೀವನ ಘೋರ ಅಂತ ತೋರಿಸಿಲ್ಲವೇ ಅಂತ ಕೇಳ್ತಾರೆ. ತೋರಿಸಿದ್ದಾರೆ, ಒಪ್ಪೋಣ. ಆದರೆ ಹೇಗೆ ತೋರಿಸಿದ್ದಾರೆ? ಅಲ್ಲಿರುವ ಸಾವಿರಾರು ಜನ ಮಸಿ ಬಳಿದುಕೊಂಡ ಒಂದು ಮಂದೆ. ಅವರಿಗೆ ಜಾತಿ ಇಲ್ಲ, ಸಂಘ ಇಲ್ಲ, ಬಾವುಟ ಇಲ್ಲ, ಓದಲು ಒಂದು ಹಾಳೆ ಇಲ್ಲ. ಅಳೋದು, ಏಟು ತಿನ್ನೋದು, ಹೊರಗಿನಿಂದ ಬರುವ ಒಬ್ಬ ಗಂಡನ್ನು ಕಾಯೋದು, ಇಷ್ಟೇ ಅವರ ಕೆಲಸ. ಅವನು ಬಂದು ಹಳೆಯ ಧಣಿಯನ್ನು ಕೊಂದು ತಾನೇ ಧಣಿಯಾಗ್ತಾನೆ. ಮಂದೆ ಜೈಕಾರ ಹಾಕುತ್ತೆ. ಇದರಲ್ಲಿ ಬಿಡುಗಡೆ ಎಲ್ಲಿದೆ ಸ್ವಾಮಿ?

ಕಲ್ಪನೆಯ ಕತೆ ಅಂತ ಜಾರಿಕೊಳ್ಳಬಹುದು. ಹಾಗಿದ್ದರೆ ಬದುಕಿರುವ ಒಂದು ಊರಿನ ಹೆಸರು ಯಾಕೆ ಬೇಕಿತ್ತು? ಹೆಸರು ತಗೊಂಡ ಮೇಲೆ ಆ ಊರಿನ ಸಾಕ್ಷಿಯನ್ನೂ ಕೇಳಬೇಕು. ಸಾಕ್ಷಿ ಇದು: 1930ರಲ್ಲಿ ಕಂಪನಿ ಎಲ್ಲ ಆಳುಗಳೂ ಹೆಬ್ಬೆಟ್ಟಿನ ಗುರುತು ಕೊಟ್ಟು ನೋಂದಾಯಿಸಿಕೊಳ್ಳಬೇಕು ಅಂದಿತು. ಬೆರಳಚ್ಚು ತಗೊಳ್ಳೋದು ಕಳ್ಳರದ್ದು, ನಾವು ಕಳ್ಳರಲ್ಲ ಅಂತ ಗಣಿಗೆ ಗಣಿಯೇ ಕೆಲಸ ನಿಲ್ಲಿಸಿತು. ಸುಮಾರು ಮೂರು ವಾರ ಶಾಫ್ಟುಗಳ ಚಕ್ರ ತಿರುಗಲಿಲ್ಲ. ಆ ಮುಷ್ಕರವನ್ನು ಹೊರಗಿನಿಂದ ಬಂದ ಯಾವ ನಾಯಕನೂ ನಡೆಸಲಿಲ್ಲ. ಕೊನೆಗೆ ಬೆರಳಚ್ಚನ್ನು ಕೈಬಿಡಬೇಕಾಯಿತು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ನಾಯಕನಿಲ್ಲದೆ ಎದ್ದು ನಿಂತ ಜನರನ್ನು ನಾಯಕನಿಗಾಗಿ ಕಾಯುವ ಜನ ಮಾಡಿದ್ದು ಕಲ್ಪನೆಯಲ್ಲ, ಕಳವು. ಚಿನ್ನ ಆಯಿತು, ಈಗ ಅವರ ಹೋರಾಟದ ನೆನಪನ್ನೂ ಅಗೆದುಕೊಂಡು ಹೋದರು.

2024ರಲ್ಲಿ ಪ. ರಂಜಿತ್ ಮಾಡಿದ ತಮಿಳು ಚಿತ್ರ 'ತಂಗಲಾನ್' ಈ ಕಣ್ಣನ್ನು ತಿರುಗಿಸಲು ನೋಡಿತು. ಅಲ್ಲಿ ಆಳಿಗೆ ಜಾತಿ ಇದೆ, ಕಳಕೊಂಡ ಹೊಲ ಇದೆ, ಮುರಿದ ಬುದ್ಧ ಇದ್ದಾನೆ. ಚಿನ್ನ ಹುಡುಕಲು ಹೋಗುವವನ ಮನಸ್ಸಿನಲ್ಲಿ ಭೂಮಿಯ ಆಸೆ ಇದೆ. ಇದು ದೊಡ್ಡ ಮಾತು. ಆದರೆ ಅದು 19ನೇ ಶತಮಾನದ ನಡುವಿನ ಕತೆಯಲ್ಲಿ, ಪುರಾಣದ ಮಂಜಿನಲ್ಲಿ ನಿಂತುಬಿಡುತ್ತೆ. ಶಾಫ್ಟಿನ ಬಿಸಿ, ಶಿಫ್ಟಿನ ಸೈರನ್ನು, ಸಂಘದ ಸಭೆಗಳ ಕತೆಯನ್ನು ಯಾರೋ ಇನ್ನೂ ಹೇಳಬೇಕು.

ಇಲ್ಲಿ ಕನ್ನಡದ ನಮಗೇ ಒಂದು ಪ್ರಶ್ನೆ ಇದೆ. ಗಣಿಯ ಆಳು ಬರೀ ದುಡಿದು ಕುಡಿದು ಮಲಗಿದವನಲ್ಲ. ಅಯೋತಿದಾಸ ಪಂಡಿತರು 1907ರಲ್ಲಿ ಮದರಾಸಿನಲ್ಲಿ ಶುರು ಮಾಡಿದ 'ತಮಿಳನ್' ಪತ್ರಿಕೆ ಇಲ್ಲಿಯ ಲೈನುಮನೆಗಳಲ್ಲಿ ಓದಿಸಿಕೊಳ್ತಿತ್ತು. ಮಾರಿಕುಪ್ಪಂನಲ್ಲಿ ಬೌದ್ಧ ಸಂಘ ಇತ್ತು. ಚಾಂಪಿಯನ್ ರೀಫ್‌ನ ಸಿದ್ಧಾರ್ಥ ಪುಸ್ತಕಶಾಲೆ ಪಂಡಿತರ ಬರಹಗಳನ್ನು ಅಚ್ಚು ಹಾಕಿಸಿತು. 1954ರಲ್ಲಿ ಬಾಬಾಸಾಹೇಬರು ಬಂದದ್ದು ಇದೇ ನೆಲಕ್ಕೆ. ಮರಾಠಿಯ ದಲಿತ ಕಾವ್ಯವನ್ನು ಎದೆಗೆ ಅಪ್ಪಿಕೊಂಡವರು ನಾವು. ಕೋಲಾರ ಜಿಲ್ಲೆಯ ಮಣ್ಣಿನಲ್ಲೇ ಹುಟ್ಟಿದ ಈ ಹೊತ್ತಿಗೆಗಳನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದೇವೆ? ಅವರು ತಮಿಳರು ಅಂತ ಗೋಡೆ ಕಟ್ಟುವಾಗ ಯಾರ ಇಟ್ಟಿಗೆ ಹೊರ್ತಾ ಇದ್ದೇವೆ ಅಂತ ಯೋಚನೆ ಮಾಡಬೇಕು. ಕೇರಿಗೆ ಭಾಷೆ ಬೇರೆ ಬೇರೆ ಇರಬಹುದು, ಊರಾಚೆ ಅನ್ನೋ ಜಾಗ ಒಂದೇ.

ಇನ್ನು ಭವಿಷ್ಯ. 1956ರಲ್ಲಿ ಗಣಿ ಮೈಸೂರು ಸರ್ಕಾರದ್ದಾಯಿತು, 1962ರಲ್ಲಿ ಕೇಂದ್ರಕ್ಕೆ ಹೋಯಿತು, 2001ರ ಫೆಬ್ರವರಿ 28ರಂದು ಮುಚ್ಚಿತು. ಸುಮಾರು 800 ಟನ್ ಚಿನ್ನ ಕೊಟ್ಟ ಊರಿನಿಂದ ಬೆಳಗಿನ ಜಾವದ ರೈಲು ಹಿಡಿದು ಸಾವಿರಾರು ಜನ ಬೆಂಗಳೂರಿಗೆ ಕೂಲಿಗೆ ಹೋಗಬೇಕಾಯಿತು. 2011ರಲ್ಲಿ ಅದೇ ಊರಿನಲ್ಲಿ ಮಲದ ಗುಂಡಿಗೆ ಇಳಿದವರು ಸತ್ತರು. ಚಿನ್ನದ ಗುಂಡಿ ಮುಚ್ಚಿದರೂ ಜಾತಿ ತೋಡಿದ ಗುಂಡಿ ಮುಚ್ಚಲಿಲ್ಲ.

ಕಲ್ಲು ಅರೆದು ಚಿನ್ನ ತೆಗೆದ ಮೇಲೆ ಉಳಿದ ಸೈನೈಡ್ ಮಣ್ಣು 13 ಗುಡ್ಡಗಳಾಗಿ ಊರಿನ ತಲೆಯ ಮೇಲೆ ಕೂತಿದೆ. ಗಾಳಿ ಬಂದಾಗ ಅದರ ದೂಳು ಅನ್ನದ ತಟ್ಟೆಗೆ ಬೀಳುತ್ತೆ. 2024ರಲ್ಲಿ ಆ ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಯೋಜನೆಗೆ ರಾಜ್ಯ ಸರ್ಕಾರ ಒಪ್ಪಿಗೆ ಕೊಟ್ಟಿತು. 3 ಕೋಟಿ 30 ಲಕ್ಷ ಟನ್ ಮಣ್ಣಿನಲ್ಲಿ 23 ಟನ್ ಚಿನ್ನ ಇದೆಯಂತೆ. ನೋಡಿ, ಮಣ್ಣಿನ ಲೆಕ್ಕ ಆಗಲೇ ಬಂತು! ಆ ದೂಳು ಕುಡಿದ ಪುಪ್ಪುಸಗಳ ಲೆಕ್ಕ ಎಲ್ಲಿದೆ? ಲೈನುಮನೆಯಲ್ಲಿರುವವನಿಗೆ ಮನೆಯ ಹಕ್ಕುಪತ್ರ, ಅವನ ಮಗಳಿಗೆ ಅಲ್ಲೇ ಕೆಲಸ ಯೋಜನೆಯ ಯಾವ ಪುಟದಲ್ಲಿದೆ?

ಗೆಳೆಯರೆ, ಇನ್ನು ಮುಂದೆ ಯಾರಾದರೂ ಕೆಜಿಎಫ್ ಭವಿಷ್ಯದ ಬಗ್ಗೆ ವರದಿ ಬರೆದರೆ, ಕತೆ ಬರೆದರೆ, ಸಿನಿಮಾ ತೆಗೆದರೆ ಮೊದಲ ಪ್ರಶ್ನೆ ಇದೇ ಆಗಲಿ: ಇದರಲ್ಲಿ ಆಳು ಯಾವ ಕಾಲಮ್ಮಿನಲ್ಲಿ ಇದ್ದಾನೆ? ಹಳ್ಳಿ ಶಾಲೆಯ ಮೇಷ್ಟ್ರುಗಳು ಲಾವೆಲ್ಲನ ಪಾಠ ಮುಗಿಸಿದ ಮೇಲೆ ಕಪ್ಪು ಹಲಗೆಯ ಮೇಲೆ ಇನ್ನೊಂದು ಇಸವಿ ಬರೆಯಲಿ, 1930. ಮಕ್ಕಳು ಅದೇನು ಅಂತ ಕೇಳ್ತಾರೆ. ಆಗ ಹೇಳಲು ಒಂದು ಮುಷ್ಕರ ಇದೆ.